ಭುಜದ ಗಂಟಿಗೆ ಡ್ರೈ ನೀಡ್ಲಿಂಗ್ ಮಾಡಿಸ್ಬೋದಾ?

ಟೈಲರಕ್ಕ_ತಿಪಟೂರು:
ಎಲ್ರಿಗೂ ನಮಸ್ಕಾರ. 14 ವರ್ಷದಿಂದ ಮನೇಲೇ ಬ್ಲೌಸ್ ಹೊಲೀತಿದೀನಿ. ಈ ಸಲ ಮದ್ವೆ ಸೀಸನ್ನಲ್ಲಿ ದಿನಾ ರಾತ್ರಿ 11ರ ತನಕ ಕೂತು ಕೂತು ಬಲಗಡೆ ಕತ್ತು ಭುಜ ಸೇರೋ ಕಡೆ ಕಡ್ಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತೆ, ಒತ್ತಿದ್ರೆ ಕಿವಿ ಹಿಂದಿನಿಂದ ಹತ್ಕೊಂಡು ಕಣತಲೆ ತನಕ ಸೆಳೀತದೆ. ಎಕ್ಸ್‌ರೇಲಿ ಏನೂ ಇಲ್ವಂತೆ. ನಮ್ಮತ್ತೆ ನರ ಹಿಡ್ಕೊಂಡಿದೆ ನೀವಿಸ್ಕೋ ಅಂತಾರೆ. ಒಂದು ಫಿಸಿಯೋ ಹತ್ರ 10 ದಿನ ನೋವಿರೋ ಕಡೆ ಕರೆಂಟ್ ಇಡಿಸ್ಕೊಂಡೆ, ಮನೆಗೆ ಬರೋವರ್ಗೂ ಹಾಯಾಗಿರುತ್ತೆ, ಮಷೀನ್ ಮುಂದೆ ಕೂತ್ರೆ ಮತ್ತೆ ಶುರು. ಅಲ್ಲಿ ಯಾರೂ ಆ ಜಾಗ ಮುಟ್ಟಿ ಸಹ ನೋಡ್ಲಿಲ್ಲ. ಈಗ ಇನ್ನೊಬ್ರು ಫಿಸಿಯೋ ಡ್ರೈ ನೀಡ್ಲಿಂಗ್ ಮಾಡೋಣ, ಅಂದ್ರೆ ಗಂಟಿಗೇ ಸೂಜಿ ಚುಚ್ಚೋಣ ಅಂತಿದಾರೆ, ನಂಗೆ ತುಂಬಾ ಭಯ. ಯಾರಾದ್ರೂ ಮಾಡಿಸಿದೀರಾ?

ಫಿಸಿಯೋ_ಶಿವಮೊಗ್ಗ:
ಅಕ್ಕ, ನೀವು ಹೇಳಿದ್ದು ಕೇಳಿದ್ರೆ ಟ್ರಪೀಜಿಯಸ್ (ಕತ್ತಿಂದ ಭುಜಕ್ಕೆ ಬರೋ) ಸ್ನಾಯುವಿನ ಟ್ರಿಗರ್ ಪಾಯಿಂಟ್, ಅಂದ್ರೆ ಸ್ನಾಯು ಬಿಗಿದು ಗಂಟಾಗಿರೋ ಜಾಗದ ಥರಾನೇ ಇದೆ, ಆದ್ರೆ ಕೈಯಿಟ್ಟು ನೋಡ್ದೆ ಖಚಿತ ಹೇಳಕ್ಕಾಗಲ್ಲ. ಎಕ್ಸ್‌ರೇ ಮೂಳೆ ತೋರ್ಸುತ್ತೆ, ಈ ಗಂಟು ಅದ್ರಲ್ಲಿ ಕಾಣಲ್ಲ. ಗಂಟು ಒಂದ್ಕಡೆ, ನೋವು ಇನ್ನೊಂದ್ಕಡೆ ಬರೋದೇ ಇದ್ರ ಗುಣ. ಅಮೆರಿಕದ ಅಧ್ಯಕ್ಷ ಕೆನಡಿಗೆ ಡಾಕ್ಟ್ರಾಗಿದ್ದ ಜಾನೆಟ್ ಟ್ರಾವೆಲ್ ಅನ್ನೋರು ಯಾವ ಸ್ನಾಯುವಿನ ಗಂಟು ಎಲ್ಲಿಗೆ ನೋವು ಕಳ್ಸುತ್ತೆ ಅಂತ ನಕ್ಷೆನೇ ಮಾಡಿಟ್ಟಿದಾರೆ, ನಾವು ಇವತ್ತಿಗೂ ಅದನ್ನೇ ನೋಡೋದು. ಬರೀ ಕರೆಂಟ್ ಇಟ್ರೆ ಸ್ವಲ್ಪ ಹೊತ್ತು ನೋವು ಮರೆಸುತ್ತೆ ಅಷ್ಟೆ. ಗಂಟಿನ ಮೇಲೆ ಹೆಬ್ಬೆರಳಿಟ್ಟು ತಡ್ಕೊಳ್ಳೋಷ್ಟೇ ಒತ್ತಿ 30ರಿಂದ 60 ಸೆಕೆಂಡ್ ಹಿಡಿದ್ರೆ ನೋವು ಮೆಲ್ಲಗೆ ಕರಗುತ್ತೆ, ಆಮೇಲೆ ಸ್ಟ್ರೆಚ್: ತಲೆ ಎಡಕ್ಕೆ ಬಾಗಿಸಿ, ಬಲಗೈಲಿ ಕುರ್ಚಿ ಅಂಚು ಹಿಡ್ಕೊಳ್ಳಿ. ಉಜ್ಜಿ ಉಜ್ಜಿ ನೀವಿಸ್ಬೇಡಿ. ಬೆರಳು ಜೋಮು ಹಿಡಿಯೋದು, ಕತ್ರಿ ಹಿಡಿಯೋ ಶಕ್ತಿ ಕಮ್ಮಿ ಆಗೋದು ಇದ್ರೆ ಮೊದ್ಲು ಡಾಕ್ಟ್ರ ಹತ್ರ ಹೋಗಿ.

ಲಾರಿ_ಮಂಜ:
ನಾನು ಮಾಡಿಸಿದೀನಿ ಅಕ್ಕ, ಹೆದರ್ಬೇಡಿ. ಕೂದಲಿನಂಥ ಸಣ್ಣ ಸೂಜಿ, ಅದ್ರಲ್ಲಿ ಔಷಧಿ ಗಿವ್ಷಧಿ ಇರಲ್ಲ. ಚುಚ್ಚಿದ್ದು ಗೊತ್ತೇ ಆಗ್ಲಿಲ್ಲ, ಗಂಟಿಗೆ ತಾಗಿದ ತಕ್ಷಣ ಸ್ನಾಯು ಗಾಳಕ್ಕೆ ಬಿದ್ದ ಮೀನಿನ ಥರ ಒಂದ್ಸಲ ಪಟಕ್ ಅಂತ ಅದುರ್ತು, ಅದು ಒಳ್ಳೇದೇ ಅಂದ್ರು. ಮಾರನೇ ದಿನ ಮೂಟೆ ಹೊತ್ತಂಗೆ ಮೈಕೈ ನೋವು, ಅದಾದ್ಮೇಲೆ ರಿವರ್ಸ್ ತಗೊಳ್ವಾಗ ಕತ್ತು ಹಿಂದಕ್ಕೆ ಸಲೀಸಾಗಿ ತಿರುಗ್ತು.

ಫಿಸಿಯೋ_ಶಿವಮೊಗ್ಗ:
ಮಂಜಣ್ಣ ಹೇಳಿದ್ದು ಸರಿ. ಆದ್ರೆ ಆ ಜಾಗದ ಕೆಳಗೇ ಶ್ವಾಸಕೋಶದ ತುದಿ ಇರುತ್ತೆ, ಅಪರೂಪಕ್ಕೆ ಸೂಜಿ ತಾಗಿ ತೊಂದ್ರೆ ಆಗಿದ್ದುಂಟು. ಟ್ರೇನಿಂಗ್ ಆಗಿದ್ಯಾ, ಹೊಸ ಸೂಜೀನಾ ಅಂತ ಕೇಳೋಕೆ ಸಂಕೋಚ ಬೇಡ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಮೊದ್ಲೇ ಹೇಳಿ.

ಸುಮಕ್ಕ_ಹಾಸನ:
ನಾನೂ ಹೊಲಿಯೋಳೇ ಕಣಮ್ಮ. ನಂದು ರೆಕ್ಕೆ ಮೂಳೆ ಹತ್ರ ಇತ್ತು, ಟೆನ್ನಿಸ್ ಬಾಲನ್ನ ಕಾಲುಚೀಲಕ್ಕೆ ಹಾಕಿ ಭುಜದ ಮೇಲಿಂದ ಹಿಂದಕ್ಕೆ ಇಳಿಬಿಟ್ಟು ಗೋಡೆಗೆ ಒರಗಿ ಒತ್ತುತಿದ್ದೆ. ಅದಕ್ಕಿಂತ ಗುಣ ಕೊಟ್ಟಿದ್ದು ಸ್ಟೂಲು. ನನ್ನ ಸ್ಟೂಲು ಕುಳ್ಳಗಿತ್ತು, ಹೊಲಿಯೋವಷ್ಟೂ ಹೊತ್ತು ಭುಜ ಕಿವಿ ಕಡೆ ಎತ್ಕೊಂಡೇ ಇರ್ತಿದ್ದೆ, ದಪ್ಪ ದಿಂಬು ಹಾಕಿ ಎತ್ತರ ಮಾಡಿದ್ಮೇಲೆ ಗಂಟು ವಾಪಸ್ ಬರೋದು ನಿಂತ್ತು.

ಟೈಲರಕ್ಕ_ತಿಪಟೂರು:
ಸುಮಕ್ಕ, ಈಗ ಎದ್ದು ನೋಡ್ದೆ, ನಂದೂ ಹಂಗೇ ಇದೆ, ಮೊಣಕೈಗಿಂತ ಟೇಬಲ್ಲೇ ನಾಲ್ಕು ಬೆರಳು ಮೇಲಿದೆ. ಇವತ್ತೇ ದಿಂಬು ಹಾಕ್ತೀನಿ. ಎರಡು ವಾರ ಒತ್ತೋದು, ಸ್ಟ್ರೆಚ್ ಮಾಡಿ ನೋಡಿ, ಆಗ್ಲಿಲ್ಲ ಅಂದ್ರೆ ಸೂಜಿಗೆ ಹೋಗ್ತೀನಿ.