‘ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ’ಗೆ ಬೇರೆ ಮಾತು ಬೇಕು

ಬಳಗದ ಎಲ್ಲರಿಗೂ ಶರಣು.

ಹೋದ ತಿಂಗಳು ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ನಮ್ಮ ದೊಡ್ಡವ್ವನ ಪಿತ್ತಕೋಶ ತೆಗೆಸಿದೆವು. ಒಳಗೆ ಹರಳು ತುಂಬಿದ್ದವು. ಆಕೆಗೆ ಓದಲು ಬಾರದು, ಒಪ್ಪಿಗೆ ಪತ್ರ ನಾನೇ ಓದಿ ಹೇಳುತ್ತಿದ್ದೆ. ‘ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ’ ಎಂಬಲ್ಲಿಗೆ ಬಂದಾಗ, ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಿದ್ದವಳು ಕೈ ಹಿಂದಕ್ಕೆ ಎಳೆದುಕೊಂಡಳು. “ಆಕ್ರಮಣ ಅಂದ್ರ ಏನೋ ತಮ್ಮಾ?”

ದಂಡು ಏರಿ ಬರುವುದಕ್ಕೆ ಹೇಳುವ ಮಾತು ಅದು. ದೇಹದೊಳಗೆ ಉಪಕರಣ ಹೊಗಿಸುವುದನ್ನು ವೈದ್ಯರು ‘ಇನ್ವೇಸಿವ್’ ಎನ್ನುತ್ತಾರೆ. ಅನುವಾದಿಸಿದವರು ನಿಘಂಟಿನ ಮೊದಲ ಅರ್ಥಕ್ಕೇ ನಿಂತುಬಿಟ್ಟಿದ್ದಾರೆ.

ಪಕ್ಕದ ಹಾಸಿಗೆಯ ಹೆಣ್ಣುಮಗಳು ಒಂದೇ ಮಾತಿನಲ್ಲಿ ಬಿಡಿಸಿದಳು: “ಹೊಟ್ಟಿ ಕೊಯ್ಯೂದಿಲ್ಲ ಯವ್ವಾ, ದುರ್ಬೀನಿಲೆ ತಗೀತಾರ.” ಹೆಬ್ಬೆಟ್ಟು ಬಿತ್ತು.

ಇಲ್ಲಿ ದುರ್ಬೀನು ಎಂದರೆ ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ಇಳಿಸಿ ನೋಡುವ ಕೊಳವೆ. ಬೆಳಗಾವಿಯ ಮರಾಠಿಗರ ಬಾಯಲ್ಲೂ ಇದು ದುರ್ಬೀಣ. ಮೂಲ ಪಾರಸಿ: ‘ದೂರ್’ ಎಂದರೆ ದೂರ, ‘ಬೀನ್’ ನೋಡುವುದು. ‘ದುರ್ಬೀನಿಲೆ’ಯಲ್ಲಿನ ಆ ‘ಇಲೆ’, ಅಂದರೆ ‘ಇಂದ’, ನನಗೆ ಬಹಳ ಹಿಡಿಸಿತು. ದುರ್ಬೀನು ಬರೀ ಸಾಧನ, ಕೆಲಸ ತೆಗೆಯುವುದು ಎಂದು ಅಷ್ಟರಲ್ಲೇ ಹೇಳಿಬಿಡುತ್ತದೆ. ಇದಕ್ಕೇ (ಲ್ಯಾಪರೋಸ್ಕೋಪಿಕ್) ಹೇಳುವ ‘ಉದರದರ್ಶಕ ಶಸ್ತ್ರಚಿಕಿತ್ಸೆ’ಯೂ ತಪ್ಪಲ್ಲ. ಆದರೆ ಎರಡರಲ್ಲೂ ನೋಟದ ಮಾತಿದೆ, ಗಾಯದ ಮಾತಿಲ್ಲ.

ರೋಗಿಗೆ ಬೇಕಾದದ್ದು ಗಾಯದ ಅಳತೆ. ದೊಡ್ಡವ್ವನಿಗೆ ಹೊಕ್ಕುಳದ ಹತ್ತಿರ ಒಂದು, ಪಕ್ಕೆಲುಬಿನ ಕೆಳಗೆ ಮೂರು ಗಾಯ. ದೊಡ್ಡದೂ 10 ಮಿಲಿಮೀಟರ್ ಅಷ್ಟೇ. ಹಿಂದೆ ಅವಳ ಅಕ್ಕನಿಗೆ ಇದೇ ಕೋಶ ತೆಗೆದಾಗ ಗೇಣುದ್ದ ಕೊಯ್ದಿದ್ದರು, ಎರಡು ತಿಂಗಳು ಆಕೆ ಕೊಡ ಎತ್ತಲಿಲ್ಲ. ಈಕೆ ಅದೇ ಸಂಜೆ ಎದ್ದು ನಡೆದಳು, ಮೂರನೇ ದಿನ ಮನೆಗೆ ಬಂದಳು. ಶಸ್ತ್ರಚಿಕಿತ್ಸೆಯ ಮರುದಿನ ಬಲಭುಜ ನೋಯುತ್ತದೆ ಎಂದಾಗ ಮಾತ್ರ ಗಾಬರಿಯಾದೆವು. ಒಳಗೆ ಕೈಯಾಡಿಸಲು ಜಾಗವಾಗಲಿ ಎಂದು ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅದು ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯನ್ನು ಕೆಣಕಿದರೆ ನೋವು ಭುಜದಲ್ಲಿ ಕಾಣಿಸುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇದನ್ನು ಮೊದಲೇ ಹೇಳಬೇಕಿತ್ತು.

‘ಕೊಯ್ಯೂದಿಲ್ಲ’ ಎಂಬುದೂ ಪೂರ್ತಿ ನಿಜವಲ್ಲ. ಒಳಗೆ ಬಾವು ಹೆಚ್ಚಿ ಅಂಗಗಳು ಅಂಟಿಕೊಂಡಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ ವೈದ್ಯರು ಅಲ್ಲಿಯೇ ಹೊಟ್ಟೆ ತೆರೆಯಬೇಕಾಗುತ್ತದೆ. ಹಾಗಾಗಿ ಕೊಯ್ಯುವುದೇ ಇಲ್ಲವೆಂದು ಮಾತು ಕೊಡುವ ಪದವೂ ಬೇಡ.

‘ಕಿರುಗಾಯದ ಶಸ್ತ್ರಚಿಕಿತ್ಸೆ’ ಎಂದರೆ ಹೇಗೆ? ಬಿದ್ದು ತರಚಿದ ಗಾಯ ಎಂಬ ಅರ್ಥ ಹೊಳೆದೀತೇ? ‘ಕಿರುಗೊಯ್ತ’ವನ್ನೂ ಯೋಚಿಸಿದೆ. ಆದರೆ ನಮ್ಮ ಕಡೆ ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ, ದೊಡ್ಡವ್ವ ಮತ್ತೆ ಕೈ ಹಿಂದೆಗೆದಾಳು. ವಿಜಯಪುರ, ರಾಯಚೂರು ಕಡೆಯವರು ಏನೆನ್ನುತ್ತೀರಿ? ನಿಮ್ಮೂರ ದವಾಖಾನೆಯಲ್ಲಿ ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೆಯೇ ಬರೆದು ತಿಳಿಸಿ.