ಮಲೆನಾಡಿನ ಮಳೆಗಾಲಕ್ಕೆ ಯಾವ ಬಣ್ಣದ ಗಿಟಾರ್, ಯಾವ ಹಾರ್ಡ್‌ವೇರ್? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ತಂತಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು 45,000 ರೂ. ಕೂಡಿಟ್ಟಿದ್ದೇನೆ. ಶಿವಮೊಗ್ಗದಲ್ಲಿ ಒಬ್ಬರ ಬಳಿ ಮೂರು ಸೆಕೆಂಡ್‌ಹ್ಯಾಂಡ್ ಗಿಟಾರ್‌ಗಳಿವೆ. ಮೂರರ ನಾದವೂ ಹಿಡಿಸಿದೆ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದು ಕಪ್ಪು ಬಣ್ಣದ್ದು, ಗೋಲ್ಡ್ ಹಾರ್ಡ್‌ವೇರ್, ಅಂದರೆ ಬ್ರಿಜ್, ಟ್ಯೂನರ್ ಮೊದಲಾದ ಲೋಹದ ಭಾಗಗಳಿಗೆ ಚಿನ್ನದ ಲೇಪ. ಇನ್ನೊಂದು ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಗಾಢವಾಗುವ ಮರದ ಬಣ್ಣ), ನಿಕ್ಕಲ್. ಮತ್ತೊಂದು ತಿಳಿನೀಲಿ, ಕಪ್ಪು ಹಾರ್ಡ್‌ವೇರ್. ನನಗೆ ಅಂಗೈ ವಿಪರೀತ ಬೆವರುತ್ತದೆ. ಮನಸ್ಸು ಕಪ್ಪು-ಗೋಲ್ಡ್ ಮೇಲಿದೆ, ಅಮ್ಮ ಮಾತ್ರ ಕಪ್ಪು ಬೇಡವೇ ಬೇಡ ಎನ್ನುತ್ತಿದ್ದಾರೆ. ನೀವಾಗಿದ್ದರೆ ಯಾವುದನ್ನು ತರುತ್ತಿದ್ದಿರಿ?

ಹುಲಿಕಲ್ ಘಾಟಿ:
ಗೋಲ್ಡ್ ಹಾರ್ಡ್‌ವೇರ್‌ಗೆ ನನ್ನಷ್ಟು ದುಡ್ಡು ಸುರಿದವರು ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ಮುಂದೆ ಬರಲಿ. ನನ್ನದೂ ಕಪ್ಪು-ಗೋಲ್ಡ್. ಗಿಬ್ಸನ್ ಕಂಪನಿಯ 1954ರ ಲೆಸ್ ಪಾಲ್ ಕಸ್ಟಮ್ ಗಿಟಾರ್‌ನ ಕಾಲದಿಂದಲೂ ಆ ಜೋಡಿಗೆ ಒಂದು ಗತ್ತಿದೆ. ವೇದಿಕೆಯ ದೀಪ ಬಿದ್ದಿತೆಂದರೆ ಪಕ್ಕದಲ್ಲಿ ಯಾವ ಗಿಟಾರ್ ಇದ್ದರೂ ಕಣ್ಣು ಅತ್ತ ಹೋಗುವುದಿಲ್ಲ. ಆದರೆ ಆ ಚಿನ್ನ ಬರೀ ಗಿಲೀಟು, ಅದೂ ತೀರಾ ತೆಳು. ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಜ್‌ನ ಮೇಲೆ ಬಲ ಅಂಗೈ ಒರಗುತ್ತದಲ್ಲ, ದಪ್ಪ ತಂತಿಗಳ ಬದಿ, ಅಲ್ಲಿ ಮೊದಲ ಮಳೆಗಾಲಕ್ಕೇ ಒಳಗಿನ ಬಿಳಿ ಲೋಹ ಇಣುಕಿತು. ಶ್ರುತಿ ಮಾಡುವ ಟ್ಯೂನರ್‌ಗಳಲ್ಲಿ ಮೂರನೆಯ ತಂತಿಯ ಗುಂಡಿ ಮಾತ್ರ ಬೋಳಾಯಿತು, ಏಕೆಂದರೆ ಪದೇ ಪದೇ ಶ್ರುತಿ ತಪ್ಪುವುದು ಅದೇ. ಪಕ್ಕದ ಐದೂ ಆಗ ಥಳಥಳ ಎನ್ನುತ್ತಿದ್ದವು.

ಲೆಕ್ಕ ಬರೆದಿಟ್ಟಿದ್ದೇನೆ, ಓದಿ. ಬ್ರಿಜ್‌ಗೆ ಮತ್ತೆ ಗಿಲೀಟು ಹಾಕಿಸಲು 1,800 ರೂ. ಲೇಪ ಹಾಕುವ ಅಂಗಡಿಯವರು ಬ್ರಿಜ್‌ನಲ್ಲಿ ಒಂದೊಂದು ತಂತಿಯೂ ಕೂರುವ ಪುಟ್ಟ ಸ್ಯಾಡಲ್‌ಗಳನ್ನು ಬಿಚ್ಚದೆ ಇಡಿಯಾಗಿ ಅದ್ದಿ ಕೊಟ್ಟರು. ಸ್ಕ್ರೂಗಳೆಲ್ಲ ಕಚ್ಚಿಕೊಂಡು ಒಂದೂ ಅಲುಗಲಿಲ್ಲ, ಬ್ರಿಜ್ ಗುಜರಿ ಪಾಲಾಯಿತು. ಹೊಸ ಬ್ರಿಜ್ 4,150. ಅದರ ಪಕ್ಕ, ತಂತಿಗಳ ತುದಿ ಸಿಕ್ಕಿಸುವ ಹಳೆಯ ಟೇಲ್‌ಪೀಸ್ ಮಂಕಾಗಿ ಕಂಡಿತು, ಹೊಸದಕ್ಕೆ 2,900. ಟ್ಯೂನರ್ ಬಿಡಿಯಾಗಿ ಸಿಗುವುದಿಲ್ಲ ಎಂದರು, ಇಡೀ ಸೆಟ್‌ಗೆ 5,600. ಕೊರಿಯರ್ 380. ಒಟ್ಟು 14,830 ರೂ. ಇಷ್ಟೆಲ್ಲ ಆದ ಮೇಲೆ ಹೊಸ ಬ್ರಿಜ್‌ನ ಬಂಗಾರ ಕೆಂಪು ಛಾಯೆಯದು, ತಂತಿಯ ಕಂಪನ ಹಿಡಿಯುವ ಪಿಕಪ್‌ಗಳ ಹಳೆಯ ಕವರ್‌ಗಳ ಬಂಗಾರ ಪೇಲವ ಹಳದಿ. ಎರಡನ್ನೂ ಒಟ್ಟಿಗೆ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇಕ್ಕೇರಿ ರಸ್ತೆ:
ಇದಕ್ಕೇ ನಾನು ನಿಕ್ಕಲ್ ತೆಗೆದುಕೊಳ್ಳಿ ಎನ್ನುವುದು. ನಿಕ್ಕಲ್‌ನಲ್ಲಿ ಮೋಸವಿಲ್ಲ. ನನ್ನದು ಗೋಲ್ಡ್‌ಟಾಪ್, ಅಂದರೆ ಮುಂಬದಿಗೆ ಬಂಗಾರದ ಬಣ್ಣ, ಹಾರ್ಡ್‌ವೇರ್ ನಿಕ್ಕಲ್. ಗಿಬ್ಸನ್‌ನವರು 1952ರಲ್ಲಿ ಲೆಸ್ ಪಾಲ್ ಹೊರತಂದಾಗ ಕೊಟ್ಟ ಬಣ್ಣವೇ ಗೋಲ್ಡ್‌ಟಾಪ್. ಅವರ ಸಾಮಾನ್ಯ ಮಾದರಿಗಳ ಮೇಲೆ 1960ರ ದಶಕದ ನಡುವಿನವರೆಗೂ ಇದ್ದದ್ದು ನಿಕ್ಕಲ್, ಕ್ರೋಮ್ ಬಂದದ್ದು ಆಮೇಲೆ. ಕ್ರೋಮ್‌ನ ಹೊಳಪಿನಲ್ಲಿ ನೀಲಿ ಇದೆ, ಕಣ್ಣಿಗೆ ತಣ್ಣಗೆ ಹೊಡೆಯುತ್ತದೆ. ನಿಕ್ಕಲ್‌ನಲ್ಲಿ ಹಳದಿಯ ಎಳೆ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಮತ್ತೆ ಕ್ರೋಮ್ ಕಡೆ ತಿರುಗಲಾರರು.

ನನ್ನ ಗಿಟಾರ್‌ನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮುಂಗೈ ಒರಗುವ ಅಂಚು. ಗೋಲ್ಡ್‌ಟಾಪ್‌ನ ಬಣ್ಣದಲ್ಲಿ ಇರುವುದು ಕಂಚಿನ ಪುಡಿ. ಮೇಲಿನ ಲ್ಯಾಕರ್, ಅಂದರೆ ಹೊಳಪಿನ ಲೇಪ, ಸವೆದು ಬೆವರು ಆ ಪುಡಿಗೆ ತಾಗಿದರೆ ಕಿಲುಬು ಏಳುತ್ತದೆ, ಬಂಗಾರದ ಅಂಚಿನಲ್ಲಿ ಹಸಿರು ಗೆರೆ ಮೂಡುತ್ತದೆ. ಬೆರಳಗಲದ ಆ ಹಸಿರನ್ನು ನಾನು ನುಡಿಸಿ ನುಡಿಸಿ ಪಡೆದದ್ದು. ಅದನ್ನು ಉಜ್ಜಿ ಹೊಸ ಬಣ್ಣ ಹೊಡೆದುಕೊಡುತ್ತೇನೆ, 9,000 ಕೊಡಿ ಎಂದವರೊಬ್ಬರನ್ನು ಬಾಗಿಲಿನಿಂದಲೇ ಕಳುಹಿಸಿದ್ದೇನೆ.

ಖರ್ಚು ಮಾಡುವುದಿದ್ದರೆ ಪೆಟ್ಟಿಗೆಗೆ ಮಾಡಿ. ಗಟ್ಟಿ ಕೇಸ್ 6,200, ತೇವ ಅಳೆಯುವ ಮೀಟರ್ 450, ಬಿಸಿ ಮಾಡಿ ಮತ್ತೆ ಬಳಸುವ ಸಿಲಿಕಾ ಜೆಲ್ ಡಬ್ಬಿ 1,100. ಆಷಾಢದಲ್ಲಿ ನಮ್ಮ ಕೋಣೆಯ ತೇವ ಶೇ. 90 ದಾಟುತ್ತದೆ. ಗಿಟಾರ್‌ಗೆ ಹಿತವಾದದ್ದು 45ರಿಂದ 55. ಕೇಸ್‌ನೊಳಗೆ ಅಷ್ಟು ಕಾಯ್ದುಕೊಂಡರೆ ನಿಕ್ಕಲ್ ತಾನೇ ಬಾಳುತ್ತದೆ.

ಹುಲಿಕಲ್ ಘಾಟಿ:
ಮೇಡಂ, ಕಿಲುಬನ್ನು ಇಷ್ಟು ಹೊಗಳಿದವರನ್ನು ನಾನು ಕಂಡಿಲ್ಲ. ನಿಕ್ಕಲ್ ಮಂಕಾದರೆ ಅದು ಬಾಳಿಕೆ, ನನ್ನ ಗೋಲ್ಡ್ ಸವೆದರೆ ಅದು ಮೋಸವೇ?

ಇಕ್ಕೇರಿ ರಸ್ತೆ:
ಮಂಕಾದ ನಿಕ್ಕಲ್ ಒಣಬಟ್ಟೆಯಲ್ಲಿ ಉಜ್ಜಿದರೆ ಎದ್ದು ಬರುತ್ತದೆ. ಹೋದ ಗಿಲೀಟನ್ನು ನೀವು 14,830 ಕೊಟ್ಟರೂ ತರಲಾಗಲಿಲ್ಲ. ವ್ಯತ್ಯಾಸ ಇಷ್ಟೇ.

ಭದ್ರಾವತಿ ಎರಕ:
ಲೋಹಕ್ಕೆ ಲೇಪ ಹಾಕುವ ಕೆಲಸದಲ್ಲೇ ತಲೆ ನರೆತವನು ನಾನು, ದಯವಿಟ್ಟು ಇಬ್ಬರೂ ಕೇಳಿ. ಅಲಂಕಾರದ ಕ್ರೋಮ್ ಒಂದು ಮೈಕ್ರಾನ್‌ಗಿಂತಲೂ ತೆಳು ಪದರ. ಅದರ ಕೆಳಗೆ ಇರುವುದು ನಿಕ್ಕಲ್ಲೇ. ತೇವವನ್ನು ತಡೆಯುವುದು ಆ ನಿಕ್ಕಲ್, ಅದು ಮಸುಕಾಗದಂತೆ ಕಾಯುವುದು ಮೇಲಿನ ಕ್ರೋಮ್. ಕ್ರೋಮ್ ಬಿರಿಯಿತು ಎಂದು ಜನ ಬೈಯುತ್ತಾರೆ. ಸೂಜಿಮೊನೆಯಷ್ಟು ತೂತಿನಿಂದ ನೀರು ಇಳಿದು ತಳದ ಎರಕ ಉಬ್ಬಿದಾಗ ಮೇಲಿನದು ಗುಳ್ಳೆ ಏಳುತ್ತದೆ. ತಳ ಒಳ್ಳೆಯ ಹಿತ್ತಾಳೆಯಾಗಿದ್ದು, ನಿಕ್ಕಲ್ ದಪ್ಪಗಿದ್ದರೆ, ಬೆವರುವ ಕೈಗೆ ಕ್ರೋಮ್‌ನಷ್ಟು ನಂಬಿಕಸ್ಥ ಲೇಪ ಇನ್ನೊಂದಿಲ್ಲ.

ಇನ್ನು, ಎಲ್ಲರೂ ಬ್ರಿಜ್‌ನ ಮೈಯನ್ನೇ ನೋಡುತ್ತೀರಿ. ಮೊದಲು ತುಕ್ಕು ಹಿಡಿಯುವುದು ಸ್ಯಾಡಲ್ ಎತ್ತರ ಹೊಂದಿಸುವ ಪುಟ್ಟ ಸ್ಕ್ರೂಗಳಿಗೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಮಾದರಿಯಲ್ಲಿ ಅವು ಹನ್ನೆರಡು. ಒಳಗೆ ಬೆವರು ನಿಂತು, ಕಂದು ಪುಡಿ ಸೇರಿ, ಅಲೆನ್ ಕೀ ಹಾಕಿದರೆ ಮೂಲೆ ಜಾರುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಹನ್ನೆರಡಕ್ಕೆ ನಾನು ಕೊಟ್ಟದ್ದು 240 ರೂ. ಹಾಕುವ ಮೊದಲು ಎಳೆಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಹುಲಿಕಲ್‌ನವರೇ, ಬಿಚ್ಚದೆ ಅದ್ದಿದವರು ಕಸಬು ಕಲಿತವರಲ್ಲ, ಅದಕ್ಕೆ ಚಿನ್ನವನ್ನು ದೂರಬೇಡಿ.

ಕೊಪ್ಪದ ಕೊನೆಗಾರ:
ನೀಲಿ ಗಿಟಾರ್ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಹೇಳುತ್ತೇನೆ. ನನ್ನದು ಸೋನಿಕ್ ಬ್ಲೂ ಎಂಬ ತಿಳಿನೀಲಿ. ಮನೆಯಲ್ಲಿ ಅದಕ್ಕೆ ಮೈಲುತುತ್ತದ ಗಿಟಾರ್ ಎಂದೇ ಹೆಸರು. ಅಡಿಕೆಗೆ ಔಷಧಿ ಹೊಡೆದು ಬಂದ ದಿನ ನನ್ನ ಅಂಗಿ, ಬಕೆಟ್, ಜಗಲಿಯ ಕಂಬ ಎಲ್ಲವೂ ಅದೇ ಬಣ್ಣ. ಪೇಟೆಯ ಗೆಳೆಯರು ಸನ್‌ಬರ್ಸ್ಟ್ ತೆಗೆದುಕೋ ಎಂದು ಪೀಡಿಸಿದರು. ಮರದ ಬಣ್ಣ ನೋಡಬೇಕೆಂದರೆ ನಾನು ಹೊರಗೆ ಕಾಲಿಟ್ಟರೆ ಸಾಕು. ಗಿಟಾರ್ ನನಗೆ ಮೋಡ ಕವಿದ ಕೋಣೆಯಲ್ಲಿ ಬೆಳಕು ಕೊಡಬೇಕು, ಈ ನೀಲಿ ಕೊಡುತ್ತದೆ.

ಎಚ್ಚರಿಕೆ ಒಂದೇ. ಅಡಿಕೆಗೆ ಹೊಡೆಯುವ ಆ ಔಷಧಿ, ಬೋರ್ಡೋ ದ್ರಾವಣ, ಮುಟ್ಟಿದ ಕೈಯಲ್ಲಿ ಗಿಟಾರ್ ಹಿಡಿಯಬಾರದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸುವುದಿಲ್ಲ ಏಕೆಂದು ಬೆಳೆಗಾರರಿಗೆಲ್ಲ ಗೊತ್ತು. ನಮ್ಮ ಮನೆಗೆ ಬಂದಿದ್ದ ನೆಂಟರ ಹುಡುಗನೊಬ್ಬ ಕೈ ತೊಳೆಯದೆ ಎತ್ತಿಕೊಂಡು ನುಡಿಸಿದ. ಉಕ್ಕಿನ ಸ್ಕ್ರೂ ತಲೆಗಳ ಮೇಲೆ ತಾಮ್ರದ ಕೆಂಪು ಕೂತಿತು, ವಾರದೊಳಗೆ ತುಕ್ಕು. ಸ್ಕ್ರೂ, ತಂತಿ, ಔಟ್‌ಪುಟ್ ಜ್ಯಾಕ್‌ನ ತಗಡು ಸೇರಿ 1,360 ರೂ. ಹೋಯಿತು. ಕಪ್ಪು ಹಾರ್ಡ್‌ವೇರ್ ಎರಡು ಬಗೆ, ನೋಡಿ ಕೊಳ್ಳಿ. ಕಪ್ಪು ಕ್ರೋಮ್ ಆದರೆ ಗಟ್ಟಿ. ಬರೀ ಬಣ್ಣ ಬಳಿದದ್ದಾದರೆ ಸ್ಕ್ರೂಡ್ರೈವರ್ ತಾಗಿದಲ್ಲೆಲ್ಲ ಚಕ್ಕೆ ಏಳುತ್ತದೆ.

ದುರ್ಗಿಗುಡಿ ಸ್ಪ್ರೇ:
ಬಣ್ಣ ಹಿಡಿಸದಿದ್ದರೆ ಬದಲಾಯಿಸಿದರಾಯಿತು! ನಾನು ಕೆಂಪು ಗಿಟಾರ್ ಕೊಂಡು ಕಾರಿಗೆ ಬಣ್ಣ ಹೊಡೆಯುವವರಲ್ಲಿ ಲೇಕ್ ಪ್ಲ್ಯಾಸಿಡ್ ಬ್ಲೂ ಮಾಡಿಸಿದೆ. ಕಾರಿನ ಬಣ್ಣವೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಫೆಂಡರ್‌ನವರ ಆ ಹಳೆಯ ಕಸ್ಟಮ್ ಬಣ್ಣಗಳೇ ಡುಪಾಂಟ್ ಕಂಪನಿಯ ಕಾರಿನ ಬಣ್ಣಗಳು. ಫಿಯೆಸ್ಟಾ ರೆಡ್ ಫೋರ್ಡ್ ಕಾರಿನದು, ಲೇಕ್ ಪ್ಲ್ಯಾಸಿಡ್ ಬ್ಲೂ ಕ್ಯಾಡಿಲಾಕ್‌ನದು.

ಹಳೆಯದನ್ನು ಉಜ್ಜಲು 1,500, ಪ್ರೈಮರ್ 700, ಬಣ್ಣ 2,200, ಲ್ಯಾಕರ್ 1,900. ಕೆಲಸ ಮುಗಿಯುವ ಹೊತ್ತಿಗೆ ಜುಲೈ. ಗಣಪತಿ ಹಬ್ಬದ ಆರ್ಕೆಸ್ಟ್ರಾಕ್ಕೆ ಬೇಕೇ ಬೇಕು ಎಂದು ತಂಡದವರ ಒತ್ತಾಯ. ಹೊರಗೆ ಜಡಿಮಳೆ, ಒಳಗೆ ಸ್ಪ್ರೇ. ನೈಟ್ರೊಸೆಲ್ಯುಲೋಸ್ ಲ್ಯಾಕರ್ ಒಣಗುವಾಗ ಮೈ ತಣ್ಣಗಾಗಿ ಗಾಳಿಯ ತೇವವನ್ನು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ನನ್ನ ನೀಲಿಯ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮುಸುಕು. ಲ್ಯಾಕರ್ ನಿಧಾನ ಒಣಗುವಂತೆ ಮಾಡುವ ರಿಟಾರ್ಡರ್ ಥಿನ್ನರ್ ಹೊಡೆದು ಬಿಡಿಸಲು 600, ಆದರೂ ಹಿಂಬದಿಯ ಮುಸುಕು ಪೂರ್ತಿ ಬಿಡಲಿಲ್ಲ, ಮತ್ತೆ ಉಜ್ಜಿ ಹೊಡೆಸಲು 2,400. ಒಟ್ಟು 9,300. ಇಂದು ಆ ನೀಲಿ ನೋಡಿದರೆ ಪ್ರತಿ ರೂಪಾಯಿಯೂ ಸಾರ್ಥಕ. ನೈಟ್ರೊ ಹೊಡೆದ ಮೇಲೆ ಮರ ಉಸಿರಾಡತೊಡಗಿತು, ನಾದವೇ ತೆರೆದುಕೊಂಡಿತು.

ಭದ್ರಾವತಿ ಎರಕ:
ಬಣ್ಣದ ಬಗ್ಗೆ ಹೇಳಿದ್ದೆಲ್ಲ ಸರಿ. ಉಸಿರಾಡುವ ಮಾತು ಮಾತ್ರ ಒಪ್ಪಲಾರೆ. ಗಟ್ಟಿ ಮರದ ಗಿಟಾರ್‌ನಲ್ಲಿ ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಕಂಪನವನ್ನು. ಮೇಲಿನ ಲ್ಯಾಕರ್ ಯಾವುದು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ನೀವು ತಂತಿ ಹೊಸದು ಹಾಕಿದ್ದಿರಿ, ಅದರ ನಾದ ಅದು.

ದುರ್ಗಿಗುಡಿ ಸ್ಪ್ರೇ:
ನನ್ನ ಕಿವಿ ನನ್ನದು ಸರ್. ಲೋಹ ಬಲ್ಲವರು ಲೋಹದ ಮಾತಾಡಿ.

ಇಕ್ಕೇರಿ ರಸ್ತೆ:
ಹಿರಿಯರೊಡನೆ ಹೀಗೆ ಮಾತಾಡುವುದು ಚೆನ್ನಾಗಿಲ್ಲ. ನನಗೂ ನೈಟ್ರೊ ಇಷ್ಟ, ಅದು ಸವೆಯುವ ಬಗೆಗಾಗಿ, ಹಳದಿಗಟ್ಟುವ ಬಗೆಗಾಗಿ. ನಾದದ ಹೆಸರು ಹೇಳಿ ಅದನ್ನು ಸಮರ್ಥಿಸಬೇಕಾಗಿಲ್ಲ. ನೈಟ್ರೊ ಗಿಟಾರನ್ನು ಸ್ಟ್ಯಾಂಡ್‌ನ ರಬ್ಬರ್ ಮೇಲೆ ಮಾತ್ರ ನಿಲ್ಲಿಸಬೇಡಿ, ಲ್ಯಾಕರ್ ಕರಗಿ ಅಂಟುತ್ತದೆ.

ಶೃಂಗೇರಿ ಬೀಟೆ:
ಬಣ್ಣ, ಗಿಲೀಟು ಎಂದು ಇಷ್ಟು ಜಗಳವೇ? ನಾನು ಬಣ್ಣವನ್ನೇ ಬೇಡವೆಂದೆ. ಹಳೆಯ ಮನೆ ಕೆಡವಿದಾಗ ಸಿಕ್ಕ ಬೀಟೆ ತೊಲೆಯ ತುಂಡಿನಿಂದ ಬಾಡಿಯ ಮೇಲ್ಪದರ ಮಾಡಿಸಿದ್ದೇನೆ, ಮೇಲೆ ಎಣ್ಣೆ ಮಾತ್ರ. ಇಂದು ಹೊರದೇಶದ ಎಷ್ಟೋ ಗಿಟಾರ್‌ಗಳ ಫಿಂಗರ್‌ಬೋರ್ಡ್ (ಬೆರಳಿಟ್ಟು ನುಡಿಸುವ ಪಟ್ಟಿ) ನಮ್ಮ ಇದೇ ಬೀಟೆಯದು. 2017ರಲ್ಲಿ ಬೀಟೆಯ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ಸಾಗಣೆಗೆ ಪರವಾನಗಿ ಬೇಕೆಂದಾಗ ದೊಡ್ಡ ಕಂಪನಿಗಳೇ ಬೇರೆ ಮರ ಹುಡುಕಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ಮರದ ಕಪ್ಪು-ನೇರಳೆ ಗೆರೆ ಮುಚ್ಚಿ ಮೇಲೆ ನೀಲಿ ಬಳಿಯಲು ನನಗೆ ಕೈ ಬರುವುದಿಲ್ಲ.

ಕೊಪ್ಪದ ಕೊನೆಗಾರ:
ಬೀಟೆ ಎಂದು ಬರೆದು ಎಲ್ಲರಿಗೂ ಆಸೆ ಹಚ್ಚಬೇಡಿ. ನಮ್ಮ ತೋಟದಲ್ಲೇ ಬಿದ್ದ ಬೀಟೆಯನ್ನು ನಾವು ಮುಟ್ಟುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ತೊಲೆಯ ಮರ ಎಂದು ಹೇಳಿಕೊಂಡು ಏನೇನು ನಡೆಯುತ್ತದೆ ಎಂದು ಗೊತ್ತಿದೆ.

ಶೃಂಗೇರಿ ಬೀಟೆ:
ಅಜ್ಜನ ಮನೆಯ ತೊಲೆ ಅದು! ಯಾರ ಮೇಲೆ ಏನು ಹೊರಿಸುತ್ತಿದ್ದೀರಿ ಎಂದು ನೋಡಿಕೊಂಡು ಬರೆಯಿರಿ. ಮೊಳೆಯ ತೂತು ಇನ್ನೂ ಕಾಣುತ್ತದೆ, ಬೇಕಾದರೆ ಫೋಟೊ ಹಾಕುತ್ತೇನೆ. ಬಡಗಿಗೆ 7,500, ಮಾಡಿಸಿದ ಬಡಗಿ ಇಲ್ಲೇ ಇದ್ದಾರೆ.

ತೀರ್ಥಹಳ್ಳಿ ತಂತಿ:
ಎಲ್ಲರಿಗೂ ಧನ್ಯವಾದ. ಕ್ರೋಮ್ ಗಿಟಾರ್ ಅವರ ಬಳಿ ಇಲ್ಲ, ಬೀಟೆಯೂ ಇಲ್ಲ. ಕಪ್ಪು, ಸನ್‌ಬರ್ಸ್ಟ್, ನೀಲಿ ಇವಿಷ್ಟರಲ್ಲಿ ಹೇಳುತ್ತೀರಾ?

ವಿನೋಬನಗರ ಬಿಳಿ:
ಅಮ್ಮನ ಮಾತಿಗೆ ಉತ್ತರ ಯಾರೂ ಕೊಡಲಿಲ್ಲ. ನಮ್ಮ ಮನೆಯಲ್ಲೂ ಕಪ್ಪು ಬೇಡವೆಂದರು, ಬಿಳಿ ತಂದೆ. ಆಯುಧಪೂಜೆಯ ದಿನ ಅಮ್ಮ ಬಾಡಿಯ ಮೇಲ್ಕೊಂಬಿಗೆ ಅರಿಶಿನ, ಕುಂಕುಮ ಹಚ್ಚಿದರು. ಅರಿಶಿನದ ಕಲೆ ಇಂದಿಗೂ ಇದೆ, ಪಾಲಿಶ್‌ಗೆ 350 ಕೊಟ್ಟರೂ ಹೋಗಲಿಲ್ಲ. ನಾನು ಅದನ್ನು ಮತ್ತೆ ಉಜ್ಜಿಸುವುದಿಲ್ಲ. ಆ ಕಲೆ ಇರುವುದರಿಂದಲೇ ಅದು ನಮ್ಮ ಮನೆಯ ಗಿಟಾರ್.

ಹುಲಿಕಲ್ ಘಾಟಿ:
ಕಪ್ಪೇ ತನ್ನಿ ತಮ್ಮ, ಮನಸ್ಸು ಅಲ್ಲಿದ್ದರೆ ಬೇರೆ ತಂದರೂ ಕೊರಗು ಉಳಿಯುತ್ತದೆ. ಕೊಳ್ಳುವಾಗ ಬ್ರಿಜ್ ಸವೆದಿದೆಯೇ ನೋಡಿ 4,000 ಇಳಿಸಿ ಕೇಳಿ. ನನ್ನ ಆ ಹಳೆಯ ಟ್ಯೂನರ್‌ಗಳಲ್ಲಿ ಹೊಳೆಯುವ ಐದು ಹಾಗೆಯೇ ಇವೆ, ಬೇಕಾದರೆ ಕಳುಹಿಸುತ್ತೇನೆ.

ಇಕ್ಕೇರಿ ರಸ್ತೆ:
ಅಂಗೈ ಬೆವರುತ್ತದೆ ಎಂದು ಅವರು ಮೊದಲೇ ಬರೆದಿದ್ದಾರೆ. ಇಷ್ಟು ಕಳೆದುಕೊಂಡ ನೀವೇ ಗೋಲ್ಡ್ ಕೊಡಿಸುತ್ತಿದ್ದೀರಲ್ಲ!

ಹುಲಿಕಲ್ ಘಾಟಿ:
ಕಳೆದುಕೊಂಡೆ, ನಿಜ. ಮಾರಿಲ್ಲವಲ್ಲ ಮೇಡಂ.