ಸಹಾಯ ಬೇಕು: ಹಳೇ ಅಪಾರ್ಟ್‌ಮೆಂಟ್‌ಗೆ ಸ್ಮಾರ್ಟ್ ನೀರಿನ ಮೀಟರ್ ಹಾಕಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಹಳೇ ಅಪಾರ್ಟ್‌ಮೆಂಟ್. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪ್‌ಗೆ ಬೀಳುತ್ತವೆ. ನೀರಿನ ಖರ್ಚನ್ನು ಚದರಡಿ ಲೆಕ್ಕದಲ್ಲಿ ಹಂಚುತ್ತೇವೆ. ಒಬ್ಬರೇ ಇರುವ ಮನೆಯವರು ಪ್ರತಿ ಮೀಟಿಂಗ್‌ನಲ್ಲೂ ಜಗಳ ತೆಗೆಯುತ್ತಾರೆ. ಅವರ ಮಾತು ನ್ಯಾಯವೇ ಬಿಡಿ. 2024ರ ಬೇಸಿಗೆಯಲ್ಲಿ ಜಲಮಂಡಳಿ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಮೂತಿ) ಕಡ್ಡಾಯ ಮಾಡಿದಾಗ ನಲ್ಲಿಗಳಿಗೆ ಹಾಕಿಸಿದೆವು. ಎಷ್ಟು ನೀರು ಉಳಿಯಿತು ಅಂತ ಹೇಳೋಕೆ ಅಳತೆಯೇ ಇಲ್ಲ!

ದೊಡ್ಡ ತಲೆನೋವು ಪೈಪಿನದು. ಪ್ರತಿ ಬಚ್ಚಲಿಗೆ, ಅಡುಗೆಮನೆಗೆ ಮೇಲಿನ ಟ್ಯಾಂಕಿನಿಂದ ಬೇರೆ ಬೇರೆ ಲೈನ್ ಇಳಿಯುತ್ತದೆ. ಅಂದರೆ ಒಂದು ಮನೆಗೆ ಮೂರ್ನಾಲ್ಕು ಮೀಟರ್ ಬೇಕು. ಚಕ್ರ ತಿರುಗುವ ಮೀಟರ್ ಅಗ್ಗ, ಆದರೆ ಬೋರ್ ನೀರಿನ ಮರಳಿಗೆ ಹಿಡಿದುಕೊಳ್ಳುತ್ತದೆ ಅಂತಾರೆ. ಶಬ್ದತರಂಗದಿಂದ ಹರಿವು ಅಳೆಯುವ ಅಲ್ಟ್ರಾಸಾನಿಕ್ ಮೀಟರ್‌ನಲ್ಲಿ ತಿರುಗುವ ಭಾಗವೇ ಇಲ್ಲ, ಬೆಲೆ ಮಾತ್ರ ಜಾಸ್ತಿ. ನಮ್ಮ ಗಡಸು ನೀರಿಗೆ ಯಾವುದು ಬಾಳಿಕೆ ಬಂತು, ಬಳಸಿದವರು ಹೇಳಿ.

ಸಂಪ್ ಮಟ್ಟದ ಸೆನ್ಸರ್ ಬೇಸ್‌ಮೆಂಟ್‌ನಲ್ಲಿ ಕೂರಬೇಕು, ಅಲ್ಲಿ ವೈಫೈ ಸಿಗಲ್ಲ. 865 ಮೆಗಾಹರ್ಟ್ಸ್‌ನ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ರೀಡಿಂಗ್ ಕಳಿಸುವ ರೇಡಿಯೊ) ಹಾಕಿ, ಲೈಸೆನ್ಸ್ ಬೇಡ ಅಂದರು ಒಬ್ಬರು. ಎರಡು ಬೇಸ್‌ಮೆಂಟ್ ದಾಟಿ ಒಂದೇ ಗೇಟ್‌ವೇಗೆ (ಸಿಗ್ನಲ್ ಹಿಡಿದು ಇಂಟರ್ನೆಟ್‌ಗೆ ಕಳಿಸುವ ಪೆಟ್ಟಿಗೆ) ಸಿಗ್ನಲ್ ಬರುತ್ತಾ?

ಇನ್ನೊಂದು. ಮೀಟರ್ ಕಂಪನಿಗೆ ಕಟ್ಟುವ ವರ್ಷದ ಚಂದಾ ನಿಲ್ಲಿಸಿದರೆ ರೀಡಿಂಗ್ ತೋರಿಸುವ ಆ್ಯಪ್ ಬಂದ್ ಆಗುತ್ತಾ? ಆಗ ನಮ್ಮ ಹಳೇ ರೀಡಿಂಗ್ ನಮಗೆ ಸಿಗುತ್ತಾ? ಕರಾರಿನಲ್ಲಿ ಏನು ಬರೆಸಿಕೊಂಡಿರಿ ತಿಳಿಸಿ.

ಮಾರಾಟದವರು ದಯವಿಟ್ಟು ಇನ್‌ಬಾಕ್ಸ್‌ಗೆ ಬರಬೇಡಿ, ಹೇಳುವುದನ್ನು ಇಲ್ಲೇ ಹೇಳಿ.